ಅತ್ತಿಗೆಯ ಮೇಜಿನ ಕಾಲು

ಇಟಲಿಯ ಕಾಂತೂ ಊರಿನಲ್ಲಿ ಮರಗೆಲಸ ಬಾರದ ಗಂಡಸು ಎಂದರೆ ಒಂದೋ ಪಾದ್ರಿ, ಇಲ್ಲವೇ ಹೊರಗಿನಿಂದ ಬಂದು ನೆಲೆಸಿದವನು. ಫೆರ್ಮೊ ರದಾಯೆಲ್ಲಿ ಎರಡೂ ಅಲ್ಲ. ಮೀಸೆ ಮೂಡುವ ಮೊದಲೇ ಅಣ್ಣ ತುಲ್ಲಿಯೊನ ಹಿಂದೆ ಕಾರ್ಖಾನೆಗೆ ಹೋದವನು, ಹೊಸ ಕುರ್ಚಿ ಮೇಜುಗಳ ಮೊದಲ ಮಾದರಿ ತಯಾರಿಸುವ ವಿಭಾಗದಲ್ಲೇ ತಲೆ ನೆರೆಸಿಕೊಂಡು ನಿವೃತ್ತನಾದ. ಮದುವೆ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಹೋಗಬೇಕಾದ ಜಾಗವೇ ಇಲ್ಲ ಎನ್ನುವುದು ಅವನಿಗೆ ಏನು ಮಾಡಿದರೂ ಒಗ್ಗಲಿಲ್ಲ. ಚೌಕದ ಬಾರಿನಲ್ಲಿ ಇಸ್ಪೀಟಾಡುವವರ ಬೆನ್ನ ಹಿಂದೆ ನಿಂತು ಯಾರೂ ಕೇಳದ ಸಲಹೆ ಕೊಟ್ಟು, "ಹೋಗಯ್ಯಾ, ಕಾಫಿ ಕುಡಿದಾಯ್ತಲ್ಲ, ಮನೆಗೆ ಹೋಗು" ಅನ್ನಿಸಿಕೊಂಡು ಬರುತ್ತಿದ್ದ.

ಹೀಗಿರುವಾಗ ಎಲೆ ಉದುರುವ ಕಾಲದಲ್ಲೊಂದು ದಿನ ಕಾರ್ಖಾನೆಯಿಂದ ಕರೆ ಬಂತು. ಹಳೆಯ ಮಾಲೀಕರ ಮನೆಯವರು ಅದನ್ನು ಮಾರಿ ಕೈತೊಳೆದುಕೊಂಡಿದ್ದರು. ಹೊಸಬರ ಪರವಾಗಿ ಉಸ್ತುವಾರಿ ನೋಡುತ್ತಿದ್ದವಳು ಬೆನೆದೆತ್ತಾ ಎಂಬ ಮಿಲಾನಿನ ತರುಣಿ. ಒಳ್ಳೆಯ ಹುಡುಗಿ. ಫೆರ್ಮೊ ಬಾಗಿಲಲ್ಲಿ ಕಾಣಿಸಿದ ಕೂಡಲೇ ಎದ್ದು ನಿಂತಳು.

"ಬನ್ನಿ ಮೇಸ್ತ್ರಿಗಳೇ. ವಲ್ಸೆಕ್ಕಿಯವರ ಮೇಜನ್ನ ಮತ್ತೆ ಮಾಡ್ತಿದ್ದೀವಿ. ಮಿಲಾನಿನ ಏಪ್ರಿಲ್ ಪೀಠೋಪಕರಣ ಮೇಳಕ್ಕೆ ತಯಾರಾಗಬೇಕು. ನೀವಿಲ್ಲದೆ ಆಗಲ್ಲ."

ಮೇಸ್ತ್ರಿಗಳೇ! ಎಷ್ಟೋ ವರ್ಷಗಳಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ವಾಸ್ತುಶಿಲ್ಪಿ ವಲ್ಸೆಕ್ಕಿ ಆ ಊಟದ ಮೇಜಿನ ನಕ್ಷೆ ಬರೆದದ್ದು ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷಗಳಾದಾಗ. ಆಕ್ರೋಟು ಮರದ ಮೊಟ್ಟೆಯಾಕಾರದ ಹಲಗೆ. ಅಂಚನ್ನು ಚಾಕುವಿನಂತೆ ತೆಳುಮಾಡಿದ್ದರಿಂದ ದೂರಕ್ಕೆ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತಿತ್ತು. ನೂಲುವ ಕದಿರಿನ ಹಾಗೆ ನಡುವೆ ದಪ್ಪ, ಎರಡೂ ತುದಿಗೆ ಸಪೂರವಾದ ಕಾಲುಗಳು. ಎಲ್ಲೂ ಒಂದು ಮೊಳೆ ಇಲ್ಲ, ತಿರುಪು ಇಲ್ಲ. ಆ ಕಾಲದ ಜನಕ್ಕೆ ಅದು ಹಿಡಿಸಲಿಲ್ಲ. ಮದುವೆಗೆ ಮೇಜು ಕೊಳ್ಳುವವರಿಗೆ ಸಿಂಹದ ಪಾದ, ದ್ರಾಕ್ಷಿ ಗೊಂಚಲು ಬೇಕಿತ್ತು. ಕೆಲವನ್ನು ಮಾಡಿ ನಿಲ್ಲಿಸಿಬಿಟ್ಟರು. ಈಗ ಹಳೆಯ ಪತ್ರಿಕೆಗಳಲ್ಲಿ ಅದರ ಫೋಟೊ ನೋಡಿ ಜಗತ್ತೆಲ್ಲ ಅದನ್ನೇ ಕೇಳುತ್ತಿತ್ತು. ಆದರೆ ನಕ್ಷೆಗಳು ಹಳೆಯ ಗೋದಾಮಿಗೆ ನೀರು ನುಗ್ಗಿದಾಗ ಹೋಗಿದ್ದವು. ಕಾಲು ಹಲಗೆಯ ಕೆಳಗಿನ ಅಡ್ಡತೊಲೆಯೊಳಗೆ ಹೇಗೆ ಕೂತಿದೆ ಎನ್ನುವುದು ಯಾವ ಫೋಟೊದಲ್ಲೂ ಕಾಣುತ್ತಿರಲಿಲ್ಲ. ಆ ಜೋಡಣೆ ಮಾಡಿದ್ದು ತುಲ್ಲಿಯೊ. ಅವನು ಸತ್ತು ಬಹಳ ಕಾಲವಾಗಿತ್ತು. ಫೆರ್ಮೊ ಆಗ ಅಂಟು ಕಾಯಿಸುತ್ತಿದ್ದ ಹುಡುಗ, ಅವನು ನೋಡಿರಲಿಲ್ಲ.

"ಎಲ್ಲಾದ್ರೂ ಒಂದು ಹಳೇದು ಸಿಕ್ಕಿದ್ರೆ ಸಾಕಿತ್ತು," ಎಂದಳು ಬೆನೆದೆತ್ತಾ.

"ನಮ್ಮ ಅತ್ತಿಗೆ ಮನೇಲಿದೆ," ಎಂದುಬಿಟ್ಟ ಫೆರ್ಮೊ. "ಮೊಟ್ಟಮೊದಲ ಮಾದರಿ. ಭಾನುವಾರ ನಾವು ಅದರ ಮೇಲೇ ಊಟ ಮಾಡೋದು."

ಅವಳ ಮುಖ ಅರಳಿದ್ದನ್ನು ನೋಡಿ ಇವನಿಗೂ ಹಿಗ್ಗಾಯಿತು.

ಆ ಮೇಜು ಮನೆಗೆ ಬಂದ ಬಗೆ ಹೀಗೆ. ಹಲಗೆಯಲ್ಲಿ ಒಂದು ಗಂಟು ಕಂಡಿತೆಂದು ವಲ್ಸೆಕ್ಕಿ ಮೊದಲ ಮಾದರಿಯನ್ನು ಬೇಡ ಅಂದಿದ್ದ. ಒಲೆಗೆ ಹೋಗಬೇಕಾಗಿದ್ದದ್ದನ್ನು ತುಲ್ಲಿಯೊ ಮಾಲೀಕರಿಂದ ಕೇಳಿ ಪಡೆದು ಕೈಗಾಡಿಯಲ್ಲಿ ತಂದ. ಆಗಷ್ಟೇ ಮದುವೆಯಾಗಿ ಬಂದಿದ್ದ ಎರ್ಸಿಲಿಯಾಳಿಗೆ ಸಿಟ್ಟು ಬಂತು. ಇದ್ದ ಒಂದು ಕೋಣೆಯಲ್ಲಿ ಇದನ್ನಿಟ್ಟರೆ ಓಡಾಡುವುದೆಲ್ಲಿ? ಬಾಗಿಲಲ್ಲಿ ಹಿಡಿಯದೆ ಕಿಟಕಿಯ ಚೌಕಟ್ಟು ಬಿಚ್ಚಿ ಒಳಗೆ ತಂದರು. ಆಮೇಲೆ ಅದೇ ಅವಳಿಗೆ ಮನೆಯಾಯಿತು. ಹಿಟ್ಟು ನಾದಿದ್ದು, ಲೇಸು ಹೆಣೆಯುವ ದಿಂಬನ್ನಿಟ್ಟುಕೊಂಡು ಇಡೀ ಮಧ್ಯಾಹ್ನ ನೂಲು ಸುತ್ತಿದ ಕಡ್ಡಿ ಆಡಿಸಿದ್ದು, ಮಗಳು ಲೊರೆದಾನಾಳ ಬಟ್ಟೆ ಬದಲಿಸಿದ್ದು ಎಲ್ಲ ಅದರ ಮೇಲೆ. ತಾಯಿಯನ್ನು ಕಳೆದುಕೊಂಡ ಫೆರ್ಮೊನನ್ನು ತಂದು ಕೂರಿಸಿ ಮೆಕ್ಕೆಜೋಳದ ಪೊಲೆಂತಾ ಬಡಿಸಿದ್ದೂ ಅದರ ಮೇಲೆಯೇ. ಅವನನ್ನು ಬೆಳೆಸಿದವಳು ಅತ್ತಿಗೆಯೇ.

ಮೇಜನ್ನು ಕೇಳಿದಾಗ ಅವಳು ಚೆನ್ನಾಗಿ ನಕ್ಕಳು.

"ಆ ಆರ್ಕಿಟೆಕ್ಟು ಬೇಡ ಅಂದು ಬಿಸಾಕಿದ್ದಲ್ವೇನೋ? ಈಗ ಯಾಕಂತೆ?"

"ಅಳತೆ ತಗೊಳ್ಳೋಕೆ ಅತ್ತಿಗೆ. ಜಪಾನಿಂದೆಲ್ಲ ಕೇಳ್ತಿದ್ದಾರಂತೆ."

"ಜಪಾನಿನವರು ಇಲ್ಲೇ ಬರ್ಲಿ, ಅಳೀಲಿ. ಕಾಫಿ ಕೊಡ್ತೀನಿ."

"ಯಂತ್ರದಲ್ಲಿಟ್ಟು ಅಳೀಬೇಕಂತೆ."

ಎರ್ಸಿಲಿಯಾ ಅಂಗೈಯಿಂದ ಹಲಗೆ ಸವರಿದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಎಲ್ಲವನ್ನೂ ಹಾಗೆ ಮುಟ್ಟಿಯೇ ನೋಡುತ್ತಿದ್ದಳು. "ನಾನು ಇದನ್ನ ಯಾರಿಗೂ ಕೊಟ್ಟವಳಲ್ಲ ಫೆರ್ಮೊ. ನೀನು ಕೇಳ್ತಿದ್ದೀಯ ಅಂತ ಕೊಡ್ತೀನಿ. ಹ್ಯಾಗೆ ಹೋಯ್ತೋ ಹಾಗೇ ಬರಬೇಕು."

"ಹ್ಯಾಗೆ ಹೋಯ್ತೋ ಹಾಗೇ, ಅತ್ತಿಗೆ. ನನ್ನ ಮಾತು."

ಮೇಜು ಬಂದ ಹಾಗೇ ಕಿಟಕಿಯಿಂದ ಹೊರಬಿದ್ದು ಕಾರ್ಖಾನೆ ಸೇರಿತು. ಅಳತೆ ಸುಲಭವಾಗಿ ಮುಗಿಯಿತು. ಉಳಿದದ್ದು ಕಾಲಿನ ಒಳಗುಟ್ಟು. ತಟ್ಟಿ ನೋಡಿದರು, ಎಳೆದು ನೋಡಿದರು, ಅದು ಜಗ್ಗಲಿಲ್ಲ. ಮಿಲಾನಿನಲ್ಲಿ ಹಳೆಯ ಶಿಲ್ಪಗಳ ಎಕ್ಸ್‌ರೇ ತೆಗೆಯುವವರಿದ್ದಾರೆ, ಅವರ ಸರದಿ ಸಿಗುವುದು ಸ್ವಲ್ಪ ತಡವಾಗಬಹುದು, ಕಾಯೋಣ ಎಂದಳು ಬೆನೆದೆತ್ತಾ. ಸುತ್ತ ನಿಂತಿದ್ದ ಎಂಜಿನಿಯರುಗಳೂ ತಲೆಯಾಡಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕಾಯುವುದಕ್ಕೆ ಎಲ್ಲರೂ ಒಪ್ಪಿದ್ದರು. ಯಾರೂ ಅವನನ್ನು ಒತ್ತಾಯ ಮಾಡಲಿಲ್ಲ. ಇದನ್ನು ಫೆರ್ಮೊ ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡನೋ. ಎಕ್ಸ್‌ರೇ ಬಂದುಬಿಟ್ಟರೆ ತನ್ನ ಕೆಲಸ ಮುಗಿದು ಮತ್ತೆ ಬಾರಿನ ಇಸ್ಪೀಟಿನ ಮುಂದೆ ನಿಲ್ಲಬೇಕಲ್ಲ ಎಂಬ ಯೋಚನೆ ಬಂದದ್ದಷ್ಟೇ; ಬಾಯಿ ತಾನಾಗಿ ಆಡಿತು:

"ಇದಕ್ಕೆಲ್ಲ ಎಕ್ಸ್‌ರೇ ಯಾಕಮ್ಮ? ಒಂದು ಕಾಲು ಸೀಳಿ ನೋಡೋಣ. ಮತ್ತೆ ಕೂಡ್ಸೋದು ನನ್ನ ಜವಾಬ್ದಾರಿ."

"ನಿಮ್ಮ ಅತ್ತಿಗೆಯವರು ಒಪ್ತಾರಾ?"

"ಅವರಿಗೆ ನಾನು ಹೇಳ್ಕೋತೀನಿ."

ಗರಗಸ ಹಿಡಿದವನು ಅವನೇ. ತೊಲೆಯ ತುದಿಯನ್ನೂ ಕಾಲನ್ನೂ ಒಟ್ಟಿಗೆ ಉದ್ದುದ್ದ ಸೀಳಿದ. ಹಣ್ಣಿನ ಹೋಳಿನಂತೆ ಎರಡಾಗಿ ಬಿಚ್ಚಿಕೊಂಡ ಮರದೊಳಗೆ ಅಣ್ಣನ ಕೈ ಕಂಡಿತು. ಕಾಲಿನ ತುದಿಯನ್ನು ಸ್ವಲ್ಪ ಸೀಳಿ, ಆ ಬಾಯಿಗೆ ಒಂದು ಪುಟ್ಟ ಬೆಣೆ ಕಚ್ಚಿಸಿ, ತೊಲೆಯ ಗುಳಿಗೆ ಹೊಡೆದಿದ್ದ. ಹೊಡೆದಷ್ಟೂ ಬೆಣೆ ಒಳಹೊಕ್ಕು ತುದಿ ಅರಳಿ ಗುಳಿಯನ್ನು ತುಂಬಿಕೊಂಡಿತ್ತು. ಒಮ್ಮೆ ಕೂತದ್ದನ್ನು ಮುರಿಯದೆ ತೆಗೆಯುವಂತಿಲ್ಲ. ಎಲ್ಲರೂ ಹೋ ಎಂದರು. ಯಾರೋ ಬೆನ್ನು ತಟ್ಟಿದರು. ನೆಲದ ಮೇಲೆ ಬಿದ್ದ ಹೊಟ್ಟಿನಿಂದ ಹಳೆಯ ಆಕ್ರೋಟಿನ ವಾಸನೆ ಎದ್ದಾಗ ಫೆರ್ಮೊ ಪೊರಕೆ ತಂದು ತಾನೇ ಅದನ್ನು ಗುಡಿಸಿದ.

ಅಂದೇ ಅಂಟು ಹಾಕಿ ಕೂಡಿಸಬೇಕೆಂದಿದ್ದ. ಆದರೆ ಬೆನೆದೆತ್ತಾ ಆ ಸೀಳನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡಿ, "ಮೇಸ್ತ್ರಿಗಳೇ, ಇದನ್ನ ಮೇಳದಲ್ಲಿ ಹೀಗೇ ಬಿಚ್ಚಿ ತೋರಿಸ್ಬೇಕು. ಮೇಜಿನ ಪ್ರಾಣವೇ ಇದು," ಎಂದಳು. ಆಗಲ್ಲ, ಅದು ನಮ್ಮ ಅತ್ತಿಗೆಯದು ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಅಷ್ಟೂ ಅವನಲ್ಲಿರಲಿಲ್ಲ. ಏಪ್ರಿಲ್ ತನಕ ತಾನೇ ಎಂದುಕೊಂಡ. ಅಲ್ಲಿಯವರೆಗೆ ಅತ್ತಿಗೆಯ ಮನೆಯಲ್ಲಿ ಒಂದು ಮೇಜಿದ್ದರಾಯಿತು. ಮೇಳ ಮುಗಿದ ಮೇಲೆ ಕೂಡಿಸಿ, ಸದ್ದಿಲ್ಲದೆ ಬದಲಾಯಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಪರೀಕ್ಷೆಗೆಂದು ಹೊಸದಾಗಿ ಮಾಡಿದ್ದ ಮೇಜೊಂದನ್ನು, ಮನೆಯಲ್ಲಿ ಮೆರುಗು ಹಚ್ಚುತ್ತೇನೆಂದು ಹೇಳಿ ತನ್ನ ಹಿತ್ತಲಿನ ಕೊಟ್ಟಿಗೆಗೆ ತರಿಸಿಕೊಂಡ. ಚಹಾದ ಕಷಾಯ ಬಳಿದ, ಮೇಣ ತಿಕ್ಕಿದ. ಅತ್ತಿಗೆಯ ಮೇಜಿನ ಫೋಟೊ ಮುಂದಿಟ್ಟುಕೊಂಡು ಒಂದೊಂದೇ ಗುರುತನ್ನು ಮೂಡಿಸುತ್ತ ಹೋದ. ವಲ್ಸೆಕ್ಕಿ ಬೇಡ ಅಂದಿದ್ದ ಗಂಟು. ಲೊರೆದಾನಾ ಮೂರು ಗಾಲಿಯ ಸೈಕಲ್ಲು ಗುದ್ದಿದ್ದ ಅಂಚು. ಬಾಟಲಿಯ ತಳದ ಉಂಗುರಗಳು. ಹುಡುಗನಾಗಿದ್ದಾಗ ತಾನೇ ಫೋರ್ಕಿನಿಂದ ಗೀರಿ ಏಟು ತಿಂದ ಗೆರೆ. ಕೊನೆಗೆ ಉಳಿದದ್ದು ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ.

ತುಲ್ಲಿಯೊ ಕಾರ್ಖಾನೆಯಲ್ಲಿ ಕುಸಿದು ಬಿದ್ದ ದಿನ ಓಡಿ ಬಂದು ಹೇಳಿದವನು ಫೆರ್ಮೊ. ಎರ್ಸಿಲಿಯಾ ಆ ಮೇಜಿನ ಮೇಲೆ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಪೆಟ್ಟಿಗೆಯನ್ನು ಹಾಗೇ ಬಿಟ್ಟು ಬೀದಿಗೆ ಓಡಿದ್ದಳು. ಆ ಗುರುತನ್ನು ಅವಳು ಯಾವತ್ತೂ ತೆಗೆಸಲಿಲ್ಲ, ಮೇಲುಹಾಸು ಹಾಸಿ ಮುಚ್ಚಲೂ ಇಲ್ಲ.

ಫೆರ್ಮೊ ಇಸ್ತ್ರಿಪೆಟ್ಟಿಗೆ ಕಾಯಿಸಿ, ಅಳತೆ ಮಾಡಿ, ಹಲಗೆಯ ಮೇಲಿಟ್ಟು, ಹೊಗೆ ಏಳುವುದನ್ನು ನೋಡುತ್ತ ನಿಂತ.

ಜನವರಿಯ ಮೊದಲ ಭಾನುವಾರ ಮೇಜು ಮನೆಗೆ ಬಂತು. ಲೊರೆದಾನಾ ಗಂಡನ ಜೊತೆ ಬಂದಿದ್ದಳು. ಎಲೆಕೋಸು ಹಾಕಿ ಬೇಯಿಸಿದ ಹಂದಿಮಾಂಸದ ಪಾತ್ರೆ ನಡುವೆ ಕೂತಿತ್ತು. ಎರ್ಸಿಲಿಯಾ ಹಲಗೆಯ ಮೇಲೆ ಕೈಯಾಡಿಸಿ, "ಚೆನ್ನಾಗಿ ನೋಡ್ಕೊಂಡಿದ್ದಾರೆ ಕಣೇ," ಎಂದಳು ಮಗಳಿಗೆ. "ಒರೆಸಿ ಕಳಿಸಿದ್ದಾರೆ. ಇವನು ಜೊತೇಲಿದ್ದ ಅಂತ. ಇಲ್ಲದಿದ್ರೆ ಆ ಕಾರ್ಖಾನೆಯವರು ಬಿಡ್ತಿದ್ರಾ?" ಆಮೇಲೆ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದಳು. "ತಿನ್ನು. ಸೊರಗಿದ್ದೀಯ."

ಅವನು ತಿಂದ. ತುತ್ತು ತುತ್ತಿಗೂ ನೀರು ಕುಡಿದ.

ಮುಂದಿನ ಭಾನುವಾರ ಮಂಡಿನೋವು ಅಂದ. ಅದರ ಮುಂದಿನ ಭಾನುವಾರ ಶೀತ. ಎರ್ಸಿಲಿಯಾ ಕೋಳಿಸಾರು ಮಾಡಿ ಮಗಳ ಕೈಲಿ ಕಳಿಸಿದಳು. "ಚಿಕ್ಕಪ್ಪ, ಅಮ್ಮ ಡಾಕ್ಟರ ಹತ್ರ ಹೋಗು ಅಂತಿದ್ದಾಳೆ. ನಿನ್ನ ಹೆಸರಲ್ಲಿ ಮೇಣದಬತ್ತಿ ಬೇರೆ ಹಚ್ಚಿಸಿದ್ದಾಳೆ," ಎಂದು ಲೊರೆದಾನಾ ಡಬ್ಬಿ ಇಟ್ಟು ಹೋದಳು. ಸಾರು ಬಿಸಿಯಿತ್ತು. ಫೆರ್ಮೊನಿಗೆ ಅದನ್ನು ಕುಡಿಯಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಹುಳಿಯಾಗುವ ತನಕ ಒಲೆಯ ಮೇಲೇ ಇತ್ತು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಹೋದ. ಅತ್ತಿಗೆ ಮೇಜಿನ ಮುಂದೆ ಕೂತು ಹುರುಳಿಕಾಯಿಯ ಒಣ ಕಾಳನ್ನು ಬೆರಳಲ್ಲಿ ತಡವಿ ತಡವಿ ಆರಿಸುತ್ತಿದ್ದಳು.

"ಬಾರೋ. ಮಂಡಿ ಹ್ಯಾಗಿದೆ?"

"ಮಂಡಿಗೆ ಏನೂ ಆಗಿಲ್ಲ ಅತ್ತಿಗೆ." ಅವನು ಕೂರಲಿಲ್ಲ. "ಇದು ನಿಮ್ಮ ಮೇಜಲ್ಲ."

ಅವಳ ಬೆರಳು ನಿಂತವು. ಅವನು ಎಲ್ಲ ಹೇಳಿದ. ಎಕ್ಸ್‌ರೇಗೆ ಕಾಯೋಣ ಅಂದವರಿಗೆ ತಾನೇ ಬೇಡ ಎಂದದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ ಎರ್ಸಿಲಿಯಾ ಕಾಳುಗಳನ್ನು ಒತ್ತಟ್ಟಿಗೆ ಸರಿಸಿ, ಸುಟ್ಟ ಕಲೆ ಇದ್ದ ಕಡೆಗೆ ಕೈ ಚಾಚಿದಳು.

"ಇದು?"

"ನಾನೇ ಮಾಡಿದ್ದು."

"ಇಸ್ತ್ರಿಪೆಟ್ಟಿಗೇಲಾ?"

"ಹೂಂ."

"ಎಷ್ಟು ಹೊತ್ತು ಇಟ್ಟಿದ್ದೆ?"

ಅವನು ಕೆಳಗೆ ಬಿದ್ದಿದ್ದ ಒಂದು ಕಾಳನ್ನು ಹೆಕ್ಕಿ ಮೇಜಿನ ಮೇಲಿಟ್ಟ.

"ದಿನಾ ಬೆಳಿಗ್ಗೆ ಇದರ ಮೇಲೆ ಕೈಯಿಟ್ಟು ನಿಮ್ಮಣ್ಣನಿಗೊಂದು ಪ್ರಾರ್ಥನೆ ಹೇಳ್ತೀನಿ," ಎಂದಳು ಎರ್ಸಿಲಿಯಾ. ದನಿ ಏರಲಿಲ್ಲ. "ಮೂರು ತಿಂಗಳು ನೀನು ಸುಟ್ಟಿದ್ದಕ್ಕೆ ಹೇಳಿದೀನಲ್ಲೋ. ಮೇಜು ಸೀಳಿದೆ, ಸೀಳು. ಮರ ಅದು. ನಂಗೆ ಕಣ್ಣು ಕಾಣಲ್ಲ ಅಂತ ಲೆಕ್ಕ ಹಾಕಿದೆಯಲ್ಲ, ಅದು..." ಕಾಳಿನ ತಟ್ಟೆಯನ್ನೆತ್ತಿಕೊಂಡು ಎದ್ದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅಲ್ಲಿ ನಿಂತು ಕಾಳು ಆರಿಸತೊಡಗಿದಳು. "ಇದನ್ನ ಮೊದಲು ಇಲ್ಲಿಂದ ತೆಗಿ. ಆಮೇಲೆ ನನ್ನದು ಎಲ್ಲಿದೆಯೋ ಅಲ್ಲಿಗೆ ನನ್ನನ್ನ ಕರ್ಕೊಂಡು ಹೋಗು."

ಆ ಮೇಜನ್ನು ಅವನು ಚರ್ಚಿನ ಪಕ್ಕದ ಕೋಣೆಗೆ ಸಾಗಿಸಿದ. ಅಲ್ಲಿ ಧರ್ಮಪಾಠಕ್ಕೆ ಬರುವ ಮಕ್ಕಳು ಅದರ ಮೇಲೆ ಗೋಂದು ಚೆಲ್ಲಿ ಯೇಸುವಿನ ಚಿತ್ರ ಅಂಟಿಸಿದರು. ಕಾರ್ಖಾನೆಯವರು ಪರೀಕ್ಷೆಯ ಮೇಜನ್ನು ಮತ್ತೆ ಕೇಳಲೇ ಇಲ್ಲ.

ಏಪ್ರಿಲ್‌ನಲ್ಲಿ ಅತ್ತಿಗೆಯನ್ನು ಮಿಲಾನಿಗೆ ಕರೆದುಕೊಂಡು ಹೋದ. ರೈಲಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಮೇಳದ ಮಳಿಗೆಯಲ್ಲಿ ಹೊಸ ಮೇಜುಗಳು ಸಾಲಾಗಿ ಹೊಳೆಯುತ್ತಿದ್ದವು; ಜನ ಅಂಚನ್ನು ಸವರಿ ಆಹಾ ಅನ್ನುತ್ತಿದ್ದರು. ಹಿಂದಿನ ಗೋಡೆಯ ಬಳಿ, ಎತ್ತರದ ಕಟ್ಟೆಯ ಮೇಲೆ, ದೀಪದ ಕೆಳಗೆ ಹಳೆಯದು. ಮೂರು ಕಾಲು ನೆಟ್ಟಗೆ, ನಾಲ್ಕನೆಯದು ಎರಡು ಹೋಳಾಗಿ ತೆರೆದುಕೊಂಡು.

ಎರ್ಸಿಲಿಯಾ ಹತ್ತಿರ ಹೋಗಿ ಕಲೆಯನ್ನು ಹುಡುಕಿ ಅದರ ಮೇಲೆ ಕೈಯಿಟ್ಟಳು. ಮಳಿಗೆಯ ಹುಡುಗಿಯೊಬ್ಬಳು ಬೇಗ ಬೇಗ ಬಂದು, "ಅಜ್ಜೀ, ದಯವಿಟ್ಟು ಮುಟ್ಟಬೇಡಿ," ಎಂದಳು.

"ಮುಟ್ಟಲ್ಲ ಮಗು," ಎಂದು ಎರ್ಸಿಲಿಯಾ ಕೈ ತೆಗೆದಳು. ಫೆರ್ಮೊನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಇಲ್ಲಿ ಏನೋ ಬರೆದಿದೆಯಲ್ಲ, ಓದು."

"ಮೊದಲ ಮಾದರಿ. ವಿನ್ಯಾಸ ಕೊರ್ರಾದೊ ವಲ್ಸೆಕ್ಕಿ. ಖಾಸಗಿ ಸಂಗ್ರಹದಿಂದ."

"ಖಾಸಗಿ ಅಂದ್ರೆ ಯಾರು?"

"ನೀವೇ ಅತ್ತಿಗೆ."

"ನಂಗೊಂದು ಹೆಸರಿತ್ತಪ್ಪ. ನಿಮ್ಮಣ್ಣಂಗೂ ಇತ್ತು."

ಏನಾದರೂ ಸಮಾಧಾನ ಹೇಳಬೇಕೆಂದು ಫೆರ್ಮೊ ಸೀಳಿದ ಕಾಲನ್ನು ತೋರಿಸಿದ. "ನೋಡಿ, ಒಳಗಿನ ಬೆಣೆ. ಅಣ್ಣ ಮಾಡಿದ್ದು. ಇಷ್ಟು ಜನ ಬಂದು ಇದನ್ನೇ ನೋಡ್ತಿದ್ದಾರೆ. ಸೀಳದಿದ್ರೆ ನಮಗೂ ಕಾಣ್ತಿರ್ಲಿಲ್ಲ."

ಅವಳು ಬಹಳ ಹೊತ್ತು ಬಗ್ಗಿ ನೋಡಿದಳು. ಪೊರೆಗಣ್ಣಿಗೆ ಎಷ್ಟು ಕಂಡಿತೋ. "ನಿಮ್ಮಣ್ಣ ನಂಗೆ ಇದನ್ನ ತೋರಿಸಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ," ಎಂದಳು. "ಅಲುಗಾಡದೆ ನಿಂತಿತ್ತು. ಅಷ್ಟು ಸಾಕಿತ್ತು ನಂಗೆ." ಆಮೇಲೆ, "ನಡಿ, ಕಾಲು ನೋಯ್ತಿದೆ," ಎಂದು ಹೊರಟಳು.

ಮೇಳ ಮುಗಿದ ಮೇಲೆ ಸಾಮಾನು ಸಾಗಿಸುವ ಉಸ್ತುವಾರಿ ಫೆರ್ಮೊನದೇ. ಹಳೆಯ ಮೇಜನ್ನು ಇನ್ನು ಕಾರ್ಖಾನೆಯ ಸಂಗ್ರಹದಲ್ಲೇ ಇಡುವುದೆಂದು, ಅತ್ತಿಗೆಯವರಿಗೆ ಬೇಕಾದರೆ ಇನ್ನೊಂದು ಹೊಸದನ್ನು ಕೊಡುವುದೆಂದು ಬೆನೆದೆತ್ತಾ ಹೇಳಿದ್ದಳು. ಫೆರ್ಮೊ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಮೇಜನ್ನು ಕಂಬಳಿ ಸುತ್ತಿ ತಾನೇ ಓಡಿಸುವ ವ್ಯಾನಿಗೆ ಹಾಕಿಸಿದ. ಕಾರ್ಖಾನೆಯ ತಿರುವು ಬಂದಾಗ ತಿರುಗಲಿಲ್ಲ. ಸಂಜೆಯ ಹೊತ್ತಿಗೆ ಫೋನ್ ಬಂತು.

"ಮೇಸ್ತ್ರಿಗಳೇ, ಹಳೇ ಮೇಜು ಬಂದಿಲ್ವಲ್ಲ?"

"ಮನೆಗೆ ಹೋಯ್ತಮ್ಮ."

"ಯಾರ ಮನೆಗೆ?"

"ಅದು ಯಾರದೋ ಅವರ ಮನೆಗೆ. ತಪ್ಪು ನಿಮ್ಮದಲ್ಲ. ಸೀಳೋಣ ಅಂದಿದ್ದೇ ನಾನು, ಅವರನ್ನ ಕೇಳದೆ."

ಮಾಲೀಕರೊಂದಿಗೆ ಮಾತಾಡುತ್ತೇನೆ ಎಂದಳು ಬೆನೆದೆತ್ತಾ. ಅದೇನು ಮಾತಾಡಿದರೋ, ಮೇಜನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಫೆರ್ಮೊನನ್ನು ಕಾರ್ಖಾನೆಗೆ ಮತ್ತೆ ಕರೆಯಲೂ ಇಲ್ಲ.

ಕೂಡಿಸುವ ಕೆಲಸಕ್ಕೆ ಬೇಸಿಗೆಯೆಲ್ಲ ಹಿಡಿಯಿತು. ಗರಗಸ ತಿಂದ ಮರ ಮತ್ತೆ ಬರುವುದಿಲ್ಲ. ಎರಡು ಹೋಳುಗಳ ನಡುವೆ ತೆಳುವಾದ ಪಟ್ಟಿ ಇಟ್ಟು ಅಂಟಿಸಿದ. ಆದರೂ ಕಾಲು ಮೊದಲಿನಷ್ಟು ಭಾರ ಹೊರಲಿಲ್ಲ. ತುಂಬಿದ ಪಾತ್ರೆ ಇಟ್ಟರೆ ಆ ಬದಿ ನಡುಗುತ್ತಿತ್ತು. ಕೊನೆಗೆ ಕೆಳಗಿನಿಂದ ಒಂದು ಓರೆ ಆಸರೆ ಕೊಟ್ಟ. ವಲ್ಸೆಕ್ಕಿ ನೋಡಿದ್ದರೆ ಮುಖ ತಿರುಗಿಸುತ್ತಿದ್ದ. ಮೇಜು ನಿಂತಿತು. ನೋಡುವುದಕ್ಕೆ ಮಾತ್ರ ಕುಂಟನಂತಿತ್ತು.

ಎರ್ಸಿಲಿಯಾ ಸೀಳಿನ ಮೇಲೆ ಬೆರಳು ಇಳಿಸಿ ನೋಡಿದಳು, ಆಸರೆಯನ್ನು ತಡವಿದಳು. "ಭಾನುವಾರ ಬಾ," ಎಂದಳು.

ಅವನು ಹೋದಾಗ ತಟ್ಟೆಗಳನ್ನು ಇಟ್ಟಾಗಿತ್ತು. ಅವನ ತಟ್ಟೆ ಯಾವಾಗಲೂ ಇರುತ್ತಿದ್ದ ಕಿಟಕಿ ಪಕ್ಕದಲ್ಲಿರಲಿಲ್ಲ. ಸೀಳಿದ ಕಾಲಿನ ಬದಿಯಲ್ಲಿತ್ತು. ಕೂತ ಕೂಡಲೇ ಆಸರೆ ಮಂಡಿಗೆ ಬಡಿಯಿತು. ಲೋಟಗಳು ಗಲಗಲ ಎಂದವು.

"ಚಿಕ್ಕಪ್ಪ, ಈ ಕಡೆ ಬಾ, ಜಾಗ ಇದೆ," ಎಂದಳು ಲೊರೆದಾನಾ.

"ಅವನು ಅಲ್ಲೇ ಕೂತ್ಕೋತಾನೆ," ಎಂದಳು ತಾಯಿ. ಅಷ್ಟೇ. ಆಮೇಲೆ ಅನ್ನ ಬಡಿಸಿದಳು, ಮೊದಲಿನ ಹಾಗೇ ಅವನಿಗೆ ಸ್ವಲ್ಪ ಹೆಚ್ಚು.

ಅಂದಿನಿಂದ ಪ್ರತಿ ಭಾನುವಾರವೂ ಹಾಗೆಯೇ. ಕ್ಷಮಿಸಿದ್ದೀರಾ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಬ್ಬಗಳು ಬಂದು ಹೋದವು. ಮಿಲಾನಿನ ಅಂಗಡಿಗಳ ಗಾಜಿನ ಹಿಂದೆ ವಲ್ಸೆಕ್ಕಿಯ ಮೇಜು ಮಿನುಗುತ್ತಿತ್ತು. ಫೆರ್ಮೊ ಆ ಬೀದಿಗೆ ಹೋಗುವುದನ್ನು ಬಿಟ್ಟ. ಎರಡು ಚಳಿಗಾಲ ಕಳೆದ ಮೇಲೆ, ಕೊಟ್ಟಿಗೆಯಲ್ಲಿ ಕೂತು ಸಣ್ಣದೊಂದು ಆಸರೆ ಕೆತ್ತಿದ. ತೊಲೆಗೇ ಅಂಟಿಕೊಂಡು ನಿಲ್ಲುವಂಥದು, ಮಂಡಿಗೆ ತಾಗದು, ಕಣ್ಣಿಗೂ ಕಾಣದು. ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಅತ್ತಿಗೆಯ ಕೈಗೆ ಕೊಟ್ಟ.

"ಇದನ್ನ ಹಾಕಿದ್ರೆ ಯಾರಿಗೂ ತೊಂದರೆ ಆಗಲ್ಲ ಅತ್ತಿಗೆ. ಒಂದು ಗಳಿಗೆ ಕೆಲಸ."

ಎರ್ಸಿಲಿಯಾ ಅದನ್ನು ತಿರುಗಿಸಿ ತಿರುಗಿಸಿ ಸವರಿ ನೋಡಿ, ಮತ್ತೆ ಬಟ್ಟೆಯಲ್ಲೇ ಸುತ್ತಿ ಅವನ ಮುಂದಿಟ್ಟಳು.

"ಇರ್ಲಿ ಬಿಡು," ಎಂದಳು. "ಅಲ್ಲಿ ಬೇರೆ ಯಾರೂ ಕೂತ್ಕೊಳ್ಳಲ್ಲ."